ಒಂಬತ್ತು ಒತ್ತಿದರೆ ಅಕ್ಕೋರು

ಕಳೆದ ವಾರ ಭಟ್ಕಳದಲ್ಲಿ ಒಂದು ಬಟ್ಟೆ ಅಂಗಡಿಯ ಫೋನು ಎತ್ತಿ ಕಿವಿಗಿಟ್ಟುಕೊಂಡವನು ನಂಬರ್ ಒತ್ತುವುದನ್ನೇ ಮರೆತು ನಿಂತುಬಿಟ್ಟೆ. ರಿಸೀವರಿನಿಂದ ಅತ್ತರಿನ ವಾಸನೆ ಬರುತ್ತಿತ್ತು. ನನ್ನ ಮೊಬೈಲಿನ ಚಾರ್ಜ್ ಮುಗಿದಿತ್ತು, ಊಟಕ್ಕೆ ಕಾಯಬೇಡ ಎಂದು ಕುಮಟೆಯಲ್ಲಿದ್ದ ಹೆಂಡತಿಗೆ ಹೇಳಬೇಕಿತ್ತು. ಅಂಗಡಿಯ ಸಾಹೇಬರು ಗಲ್ಲಾದ ಪಕ್ಕದ ಹಳೇ ಫೋನನ್ನು ನನ್ನ ಕಡೆ ತಳ್ಳಿದರು. ಅದಕ್ಕೆ ಈಗ ಯಾರೂ ಕರೆ ಮಾಡುವುದಿಲ್ಲವಂತೆ. ಆದರೂ ಅವರು ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅದನ್ನು ಬಟ್ಟೆಯಲ್ಲಿ ಒರೆಸಿ, ಮಾತಾಡುವ ತೂತುಗಳ ಮೇಲೆ ಅತ್ತರಿನ ಹತ್ತಿಯನ್ನು ಒಮ್ಮೆ ಆಡಿಸುತ್ತಾರೆ. ನಾಲ್ಕು ಜನರ ಉಸಿರು ತಾಗುವ ವಸ್ತು ನೋಡಿ, ಅಂದರು. ಅವರ ತಂದೆಯ ಕಾಲದಿಂದ ಬಂದ ಅಭ್ಯಾಸ.

ಆ ವಾಸನೆ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಮುಂಬಯಿಯ ಒಂದು ಹೋಟೆಲಿನ ಐದನೇ ಮಹಡಿಯಲ್ಲಿ, ಪ್ರತಿ ಕೋಣೆಯ ಫೋನಿನಲ್ಲೂ ಅದೇ ಇತ್ತು. ಸೋಮವಾರಕ್ಕೊಮ್ಮೆ ಒಬ್ಬ ಹೆಂಗಸು ಬಂದು ಎಲ್ಲ ಫೋನುಗಳನ್ನು ಒರೆಸಿ, ಸುಗಂಧದ ಒಂದು ಸಣ್ಣ ಬಿಲ್ಲೆಯನ್ನು ಅಂಟಿಸಿ ಹೋಗುತ್ತಿದ್ದಳು. ಆ ಫೋನಿನಲ್ಲಿ ಒಂಬತ್ತು ಒತ್ತಿದರೆ ಅಕ್ಕೋರು ಸಿಗುತ್ತಿದ್ದರು.

ಆಗ ನಾನು ಕುಮಟೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿದ್ದೆ. ಎರಡು ತಿಂಗಳಿಗೊಮ್ಮೆ ಬೀಜದ ನಮೂನೆಗಳನ್ನು ಡಬ್ಬಗಳಲ್ಲಿ ತುಂಬಿಕೊಂಡು ಮುಂಬಯಿಗೆ ಹೋಗಿ, ವ್ಯಾಪಾರಿಗಳ ಮುಂದೆ ಸುರುವಿ ತೋರಿಸಿ, ಅವರು ಹತ್ತು ಬೀಜ ಬಾಯಿಗೆ ಹಾಕಿಕೊಂಡು ಮುಖ ಗಂಟಿಕ್ಕುವುದನ್ನು ನೋಡಿ ಬರುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ದಾದರಿನ ಹತ್ತಿರದ ಆ ಹೋಟೆಲನ್ನು ಗೊತ್ತು ಮಾಡಿದ್ದರು. ಒಂದು ಕಾಲದಲ್ಲಿ ಅದು ಜೋರಾಗಿಯೇ ಇದ್ದಿರಬೇಕು. ಬಾಗಿಲ ಹೊರಗೆ ಹಿತ್ತಾಳೆಯ ಅಕ್ಷರಗಳಿದ್ದವು, ಒಳಗೆ ಕಾಫಿ ಬಣ್ಣದ ಜಮಖಾನ, ಜಾಲರಿ ಬಾಗಿಲಿನ ಲಿಫ್ಟು, ಮೀಟಿಂಗ್ ಹಾಲಿನ ಹೊರಗೆ ಅಕ್ಷರ ಚುಚ್ಚುವ ಕಪ್ಪು ಹಲಗೆ. ಆ ಹಲಗೆಯಲ್ಲಿ ಯಾವುದೋ ಔಷಧಿ ಕಂಪನಿಯವರಿಗೆ ಸ್ವಾಗತ ಕೋರಿದ್ದು ಒಂದು ವರ್ಷವಾದರೂ ಹಾಗೇ ಇತ್ತು. ನಡುವೆ ಎರಡು ಅಕ್ಷರ ಬಿದ್ದುಹೋಗಿದ್ದವು.

ನನ್ನಂಥವರಿಗೆಲ್ಲ ಒಳಬದಿಯ ಕೋಣೆ. ಕಿಟಕಿ ತೆಗೆದರೆ ಎದುರಿಗೆ ಇನ್ನೊಂದು ಗೋಡೆ, ನಡುವೆ ಪೈಪುಗಳು, ಪೈಪುಗಳ ಮೇಲೆ ಪಾರಿವಾಳಗಳು. ಹಾಸಿಗೆ ಮೆತ್ತಗೆ, ಟಿವಿ ಮರದ ಪೆಟ್ಟಿಗೆಯೊಳಗೆ, ಬಚ್ಚಲಲ್ಲಿ ಡಾಂಬರು ಗುಳಿಗೆಯ ವಾಸನೆ. ಮೇಜಿನ ಮೇಲೆ ಹೋಟೆಲಿನ ಹೆಸರು ಅಚ್ಚು ಹಾಕಿದ ಕಾಗದಗಳು ಇರುತ್ತಿದ್ದವು. ಮೊದಮೊದಲು ಅವುಗಳ ಮೇಲೆ ಮನೆಗೆ ಕಾಗದ ಬರೆಯುತ್ತಿದ್ದೆ, ಅಂಚೆಗೆ ಹಾಕದೆ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಕಾಗದ ತಲುಪುವ ಮೊದಲು ನಾನೇ ತಲುಪುತ್ತಿದ್ದೆನಲ್ಲ. ಸಂಜೆ ಆರಕ್ಕೆ ಕೋಣೆಗೆ ಬಂದು ಬೂಟು ಬಿಚ್ಚಿದರೆ, ಮರುದಿನ ಹತ್ತರವರೆಗೆ ನನ್ನ ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಯಾರೂ ಇರುತ್ತಿರಲಿಲ್ಲ. ಎಷ್ಟೋ ಸಲ ಸುಮ್ಮನೆ ಬಾಯಿ ಬಿಟ್ಟು ಮಾತಾಡಿ ನೋಡುತ್ತಿದ್ದೆ, ಧ್ವನಿ ಇದೆಯೋ ಇಲ್ಲವೋ ಎಂದು. ಒಂಟಿತನ ಎಂದರೆ ಇದೇ ಇರಬೇಕು ಎಂದು ಅನ್ನಿಸಿದ್ದು ಅಲ್ಲಿಯೇ, ಆ ಪಾರಿವಾಳಗಳ ಎದುರಿಗೆ.

ಕೋಣೆಯಿಂದ ಪರಊರಿಗೆ ನೇರ ಫೋನು ಮಾಡುವ ಹಾಗಿರಲಿಲ್ಲ. ಒಂಬತ್ತು ಒತ್ತಿ ಆಪರೇಟರಿಗೆ ನಂಬರ್ ಹೇಳಬೇಕು, ಅವರು ಹೊರಗಿನ ಲೈನು ಹಚ್ಚಿ ಕೊಡುತ್ತಾರೆ. ಮೊದಲ ಸಲ ನನ್ನ ಹರಕು ಹಿಂದಿಯಲ್ಲಿ ಕುಮಟಾ ಎಂದು ಶುರು ಮಾಡಿದೆ. ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬಂತು.

"ಎಂತ, ಕುಮಟೆ ಬದಿಯವ್ರಾ?"

ನನಗೆ ಹೇಗಾಯಿತು ಎಂದು ಈಗ ಹೇಳಿದರೆ ನಗುತ್ತೀರಿ. ಹಾಸಿಗೆಯಿಂದ ಎದ್ದು ನಿಂತುಬಿಟ್ಟೆ. ಆಕೆ ಹೊನ್ನಾವರದ ಕಡೆಯವರು. ವಯಸ್ಸಾದ ಗಂಟಲು, ಆದರೆ ಒಂದೊಂದು ಮಾತನ್ನೂ ಪಾಠ ಹೇಳುವವರ ಹಾಗೆ ಬಿಡಿಸಿ ಹೇಳುತ್ತಿದ್ದರು. ಅವರು ಕೂರುವ ಜಾಗ ಎಲ್ಲೋ ರಿಸೆಪ್ಷನಿನ ಹಿಂದೆ, ಅರ್ಧ ಮಹಡಿಯ ಮೇಲೆ, ಬಾಗಿಲಿಗೆ ಪರದೆ ಹಾಕಿದ ಒಂದು ಗೂಡು. ಅತಿಥಿಗಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಮೂರು ವರ್ಷ ನಾನು ಅವರ ಧ್ವನಿ ಮಾತ್ರ ಕೇಳಿದೆ, ಮುಖ ನೋಡಲಿಲ್ಲ. ಹೆಸರೂ ಕೇಳಲಿಲ್ಲ. ನಮ್ಮ ಕಡೆ ವಯಸ್ಸಿನಲ್ಲಿ ದೊಡ್ಡವರ ಹೆಸರು ಕೇಳುವುದೆಂದರೆ ಒಂದು ಮುಜುಗರ.

ಅಕ್ಕೋರು ಎಂಬ ಹೆಸರು ಕೊಟ್ಟದ್ದು ನನ್ನ ಅಪ್ಪ. ನಮ್ಮಲ್ಲಿ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ಹಿರೇಗುತ್ತಿಯ ನಮ್ಮ ಮನೆಯಲ್ಲಿ ಫೋನು ಇರಲಿಲ್ಲ, ಆಚೆಮನೆಯಲ್ಲಿತ್ತು. ನಾನು ಫೋನು ಮಾಡಿದರೆ ಆಚೆಮನೆಯವರು ಅಂಗಳಕ್ಕೆ ಬಂದು ಕೂಗಬೇಕು, ಅಪ್ಪ ಗದ್ದೆಯಿಂದ ಕೈಕಾಲು ತೊಳೆದುಕೊಂಡು ಬರಬೇಕು. ಹರೆಯವನ್ನೆಲ್ಲ ಉಪ್ಪಿನ ಆಗರದ ಬಿಸಿಲಲ್ಲಿ ಕಳೆದ ಮನುಷ್ಯ, ಕಿವಿಯೂ ಅಷ್ಟಕ್ಕಷ್ಟೇ. ನಾನು ಏನು ಹೇಳಿದರೂ "ಎಂತ?" ಅನ್ನುತ್ತಿದ್ದ. ಒಂದು ದಿನ ನಾನು ಕಿರುಚಿ ಕಿರುಚಿ ಸೋತಾಗ ನಡುವೆ ಅಕ್ಕೋರು ಬಾಯಿ ಹಾಕಿದರು. ನಾನು ಹೇಳಿದ್ದನ್ನು ನಿಧಾನವಾಗಿ, ಬಿಡಿಸಿ, ಅಪ್ಪನಿಗೆ ಮತ್ತೆ ಹೇಳಿದರು. ಅಪ್ಪನಿಗೆ ಪೂರ್ತಿ ಅರ್ಥವಾಯಿತು. ಅಲ್ಲಿಂದ ಮುಂದೆ ಫೋನು ಹಿಡಿದ ಕೂಡಲೇ ಅಪ್ಪ ಮೊದಲು ಕೇಳುತ್ತಿದ್ದದ್ದು ಅಕ್ಕೋರು ಇದ್ದಾರೋ ಇಲ್ಲವೋ ಎಂದು. ಗದ್ದೆಗೆ ಯಾವ ಭತ್ತ ಹಾಕಿದ್ದು, ಮಳೆ ಹಿಡಿಯಿತೋ, ಹೊಳೆಯಲ್ಲಿ ಮೀನು ಹೇಗೆ... ಇಬ್ಬರೂ ಮಾತಾಡಿಕೊಳ್ಳುವರು. ನನ್ನದೇ ಫೋನಿನಲ್ಲಿ ನಾನು ಹೊರಗಿನವನ ಹಾಗೆ ಕೇಳುತ್ತ ಕೂತಿರುತ್ತಿದ್ದೆ. ಬೇಸರವಾಗುತ್ತಿತ್ತು ಎಂದುಕೊಳ್ಳಬೇಡಿ, ದಿನದಲ್ಲಿ ನನಗೆ ಬೇಕಾದದ್ದು ಆ ಹತ್ತು ನಿಮಿಷ ಒಂದೇ.

ಅಪ್ಪ ಫೋನಿಗೆ ಬರುವವರೆಗಿನ ಐದು ನಿಮಿಷ ಅಕ್ಕೋರು ನನ್ನ ಹತ್ತಿರ ಮಾತಾಡುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಊಟ ಆಯಿತೋ ಇಲ್ಲವೋ. ಎರಡನೆಯದು, ಬಸ್ಸು ಹೇಗಿತ್ತು. ಅವರು ಊರು ಬಿಟ್ಟದ್ದು ಶರಾವತಿಗೆ ಇನ್ನೂ ಸೇತುವೆ ಆಗದೆ ಜನ ಮಚವೆಯಲ್ಲಿ ಹೊಳೆ ದಾಟುತ್ತಿದ್ದ ಕಾಲದಲ್ಲಿ. ಮದುವೆಯಾಗಿ ಬಂದವರು. ಆ ಮದುವೆ ಏನಾಯಿತು ಎಂದು ಅವರು ಹೇಳಲಿಲ್ಲ. ಅವರ ತಂದೆ ತಾಯಿ ಹೋಗಿಯಾಗಿತ್ತು, ಊರಿಗೆ ಹೋಗದೆ ಹತ್ತಿಪ್ಪತ್ತು ವರ್ಷವಾಗಿತ್ತು. "ಹೋಗೂಕೆ ಅಲ್ಲಿ ಯಾರವ್ರೆ?" ಎಂದು ಒಮ್ಮೆ ಅಂದಿದ್ದರು, ದುಃಖದಿಂದೇನೂ ಅಲ್ಲ, ಯಾವುದೋ ಸಾಮಾನು ಅಂಗಡಿಯಲ್ಲಿ ಇಲ್ಲ ಎನ್ನುವ ಹಾಗೆ.

ಆದರೆ ಬಸ್ಸಿನ ದಾರಿ ಮಾತ್ರ ಅವರಿಗೆ ಬಾಯಿಪಾಠ. ಸಂಜೆ ಐದಕ್ಕೆ ದಾದರಿನಲ್ಲಿ ಹತ್ತಿದರೆ ಎಲ್ಲಿ ಚಹಾ, ಎಲ್ಲಿ ಊಟ, ಯಾವ ಘಾಟಿಯಲ್ಲಿ ಹೊಟ್ಟೆ ತೊಳಸುತ್ತದೆ, ಬೆಳಕು ಹರಿಯುವಾಗ ಎಲ್ಲಿರುತ್ತೇವೆ, ಎಲ್ಲವೂ. ನಾನು ಮೊದಲೆರಡು ಸಲ ಬಸ್ಸಿನಲ್ಲೇ ಹೋಗಿದ್ದೆ. ನಮ್ಮ ಯಜಮಾನರಿಗೆ ಹೊಸ ರೈಲಿನ ಮೇಲೆ ನಂಬಿಕೆ ಇರಲಿಲ್ಲ, ಬೆಟ್ಟ ಕೊರೆದು ಮಾಡಿದ ದಾರಿ ಮಳೆಗಾಲ ತಡೆಯುವುದಿಲ್ಲ ಎನ್ನುತ್ತಿದ್ದರು. ಆಮೇಲೆ ಅವರ ನಂಬಿಕೆ ಬಂತು, ನಾನು ರೈಲು ಹಿಡಿದೆ. ಮಧ್ಯಾಹ್ನ ಎರಡೂವರೆಗೆ ಕುರ್ಲಾದಲ್ಲಿ ಹತ್ತಿದರೆ ಬೆಳಗಿನ ಜಾವ ಕುಮಟೆ. ಬಸ್ಸಿನ ಹಿಂಸೆ ಯಾರಿಗೆ ಬೇಕು?

ಇದನ್ನು ಅಕ್ಕೋರಿಗೆ ನಾನು ಹೇಳಲಿಲ್ಲ. ಹೇಳಲು ಹೊರಟಿದ್ದೆ. ಆದರೆ ಅವರು ಆ ಸಲವೂ ಬಸ್ಸು ಹೇಗಿತ್ತು ಎಂದು ಅಷ್ಟು ಆಸೆಯಿಂದ ಕೇಳಿದರು, ಆ ಚಹಾದ ಅಂಗಡಿಯ ಎದುರು ಹುಣಸೆಮರ ಇನ್ನೂ ಇದೆಯೋ ಎಂದು ವಿಚಾರಿಸಿದರು. ಇದೆ, ಅಂದೆ. ಮುಂದಿನ ಸಲ ಆ ಹುಣಸೆಮರದ ಕೆಳಗೆ ನಿಂತು ಚಹಾ ಕುಡಿದೆ ಎಂದೂ ಸೇರಿಸಿದೆ. ಅದರ ಮುಂದಿನ ಸಲ ಘಾಟಿಯಲ್ಲಿ ಬಸ್ಸು ಕೆಟ್ಟು ಎಲ್ಲರೂ ಇಳಿದು ತಳ್ಳಿದೆವು ಎಂದು ಒಂದು ಕಥೆಯನ್ನೇ ಕಟ್ಟಿದೆ. ಅವರು ಎಷ್ಟು ನಕ್ಕರು ಅಂದರೆ ಅವರ ಫೋನಿನ ಬೋರ್ಡಿನಲ್ಲಿ ಬೇರೆ ಯಾರದೋ ಲೈನು ತಪ್ಪಿಹೋಯಿತು. ಹೀಗೆ ಮೂರು ವರ್ಷ ನಾನು ರೈಲಿನಲ್ಲಿ ಕಾಲು ಚಾಚಿ ಮಲಗಿ ಬಂದು, ಅವರಿಗೆ ಬಸ್ಸಿನ ಕಥೆ ಹೇಳಿದೆ. ಇದರಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ಅವತ್ತು ಮೇ ತಿಂಗಳ ಒಂದು ದಿನ. ಬೆಳಗಿನ ಕೆಲಸ ಬೇಗ ಮುಗಿದಿತ್ತು, ಸಂಜೆ ನಾಲ್ಕಕ್ಕೆ ಇನ್ನೊಬ್ಬ ವ್ಯಾಪಾರಿಯನ್ನು ಕಾಣಬೇಕಿತ್ತು. ನಡುವೆ ಸ್ನಾನ ಮಾಡಿ ಬಟ್ಟೆ ಬದಲಿಸೋಣ ಎಂದು ಹನ್ನೆರಡೂಕಾಲರ ಹೊತ್ತಿಗೆ ಕೋಣೆಗೆ ಬಂದೆ. ಬಂದು ಹತ್ತು ನಿಮಿಷವೂ ಆಗಿರಲಿಲ್ಲ, ಫೋನು ಬಡಿಯಿತು. ಅಕ್ಕೋರು. ಊಟ ಆಯಿತಾ ಎಂದರು. ಇಲ್ಲ, ಹೊರಗೆಲ್ಲಾದರೂ ತಿನ್ನುತ್ತೇನೆ ಅಂದೆ. ಹೊರಗೆ ಹೋಗಬೇಡಿ, ಕೋಣೆಗೇ ಕಳಿಸುತ್ತೇನೆ, ಊಟ ಮಾಡಿಯೇ ಹೊರಡಬೇಕು ಎಂದರು. ಧ್ವನಿಯಲ್ಲಿ ಏನಾದರೂ ಇತ್ತೋ? ಈಗ ನೆನೆಸಿಕೊಂಡರೆ ಇತ್ತು ಅನ್ನಿಸುತ್ತದೆ... ಆಗ ಏನೂ ಅನ್ನಿಸಲಿಲ್ಲ.

ಊಟ ಬರಲು ಮುಕ್ಕಾಲು ಗಂಟೆ ಹಿಡಿಯಿತು, ಆ ಹೋಟೆಲಿನ ಪದ್ಧತಿಯೇ ಅದು. ತಟ್ಟೆಯಲ್ಲಿ ಅವರ ಮಾಮೂಲಿ ದಾಲ್, ಅನ್ನ, ಮೊಸರು. ಪಕ್ಕದಲ್ಲಿ ಒಂದು ಸ್ಟೀಲಿನ ಡಬ್ಬಿ, ಹೋಟೆಲಿನದಲ್ಲ. ಮುಚ್ಚಳ ತೆಗೆದರೆ ಕೆಂಪು ಕುಚ್ಚಲಕ್ಕಿ ಅನ್ನ, ಮುರುಗಲ ಹುಳಿಯ ಸಾರು, ಒಂದು ಮೂಲೆಯಲ್ಲಿ ಒಣ ಸಿಗಡಿಯ ಚಟ್ನಿ. ಅಡುಗೆಯವನು ಯಾರದೋ ಡಬ್ಬಿಯನ್ನು ತಪ್ಪಿ ಇಟ್ಟಿದ್ದಾನೆ ಎಂದುಕೊಂಡೆ. ತಪ್ಪಿ ಬಂದದ್ದಾದರೂ ಬಿಡುವವನು ನಾನಲ್ಲ. ಡಬ್ಬಿಯನ್ನು ಬೆರಳು ನೆಕ್ಕುವಷ್ಟು ಖಾಲಿ ಮಾಡಿ, ದಾಲನ್ನು ಹಾಗೇ ಬಿಟ್ಟು, ಹಾಸಿಗೆಯ ಮೇಲೆ ಸ್ವಲ್ಪ ಒರಗಿದೆ. ಆ ಕೋಣೆಯಲ್ಲಿ ನಾನು ಸುಖವಾಗಿ ಉಂಡ ಊಟ ಅದೊಂದೇ.

ಒಂದೂ ಮುಕ್ಕಾಲಿಗೆ ಬಾಗಿಲು ಬಡಿದರು. ತಟ್ಟೆ ತೆಗೆಯಲು ಬಂದವರಿರಬೇಕು ಎಂದು ತೆರೆದೆ. ಗಿಡ್ಡನೆಯ ಒಬ್ಬ ಹೆಂಗಸು ನಿಂತಿದ್ದರು. ಬೂದು ಬಣ್ಣದ ವಾಯಿಲ್ ಸೀರೆ, ದಪ್ಪ ಕನ್ನಡಕ, ಬಿಳಿಗೂದಲಿನ ನಡುವೆ ಕಿವಿಯಿಂದ ಕಿವಿಗೆ ಒಂದು ಗೀರು, ವರ್ಷಗಟ್ಟಲೆ ಹೆಡ್‌ಫೋನು ಕೂತು ಆದದ್ದು. ಬಾಯಿ ತೆರೆಯುವವರೆಗೂ ಯಾರೆಂದು ನನಗೆ ಗೊತ್ತಾಗಲಿಲ್ಲ.

"ಊಟ ಆತಾ?"

ಆಯ್ತು, ಅಂದೆ. ನೀವೇನಾ ಎಂದು ನಗುತ್ತ ಕೇಳಿದೆ. ಅವರು ನಗಲಿಲ್ಲ.

"ಕೂತ್ಕಣಿ ತಮಾ. ಅಪ್ಪ ಹೋದ್ರು."

ನಾನು ಕೂರಲಿಲ್ಲ. ಭಾವ ಆಚೆಮನೆಯಿಂದ ಫೋನು ಮಾಡಿದ್ದನಂತೆ, ಬೆಳಿಗ್ಗೆ ಗದ್ದೆಯಿಂದ ಬಂದ ಅಪ್ಪ ಜಗಲಿಯಲ್ಲಿ ಕೂತಲ್ಲೇ ಒರಗಿದನಂತೆ. ಯಾವಾಗ ಫೋನು ಬಂತು ಎಂದು ಕೇಳಿದೆ. ಹನ್ನೆರಡಕ್ಕೆ, ಅಂದರು. ನಾನು ಗಡಿಯಾರ ನೋಡಿದೆ.

"ಹೊಟ್ಟೆಗಿಲ್ದೆ ಹೋಗೂ ದಾರಿ ಅಲ್ಲ ಅದು, ನಂಗೆ ಗೊತ್ತದೆ. ಅದ್ಕೇ ಊಟ ಆಗ್ಲಿ ಅಂದೆ. ಐದು ಗಂಟೆ ಬಸ್ಸಿಗೆ ಸೀಟು ಹೇಳಿಟ್ಟಿದ್ದೆ."

ಇದೇನೂ ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ, ದಹನ ಮುಗಿದು ಮಿಂದು ಬರುವವರೆಗೆ ಅನ್ನ ಮುಟ್ಟುವ ಹಾಗಿಲ್ಲ. ಆದ್ದರಿಂದ ನಮ್ಮಲ್ಲಿ ಹಿರಿಯರು ದೂರ ಹೋಗಬೇಕಾದವರಿಗೆ ಮೊದಲು ಉಣ್ಣಿಸಿ ಆಮೇಲೆ ಹೇಳುತ್ತಾರೆ. ನನ್ನ ಅಮ್ಮನೇ ಆಚೆಮನೆಯ ಸೊಸೆಗೆ ಅವಳ ತಾಯಿ ಸತ್ತ ದಿನ ಹಾಗೆ ಮಾಡಿದ್ದಳು, ಬೇಕುಬೇಕೆಂದೇ ಎರಡನೇ ಸಲ ಅನ್ನ ಬಡಿಸಿದ್ದಳು. ಎಲ್ಲ ಗೊತ್ತಿದ್ದರೂ ಆ ಹೊತ್ತಿನಲ್ಲಿ ನನಗೆ ಕಂಡದ್ದು ಒಂದೇ, ರೈಲಿಗೆ ಮುಕ್ಕಾಲು ಗಂಟೆ ಉಳಿದಿತ್ತು.

"ಬಸ್ಸು ಯಾರಿಗೆ ಬೇಕಾಗಿತ್ತು? ಎರಡೂವರೆಗೆ ರೈಲಿತ್ತಲ್ಲ!" ಎಂದು ಕೂಗಿಬಿಟ್ಟೆ.

"ರೈಲಾ?" ಅಂದರು ಅವರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ನಾನು ಚೀಲಕ್ಕೆ ಕೈಗೆ ಸಿಕ್ಕದ್ದನ್ನು ತುರುಕಿ, ಅವರನ್ನು ದಾಟಿಕೊಂಡು ಮೆಟ್ಟಿಲು ಇಳಿದು ಓಡಿದೆ.

ಟ್ಯಾಕ್ಸಿ ಕುರ್ಲಾ ತಲುಪಿದಾಗ ಮೂರಕ್ಕೆ ಹತ್ತು ನಿಮಿಷ. ರೈಲು ಬಿಟ್ಟು ಪ್ಲಾಟ್‌ಫಾರ್ಮು ಖಾಲಿಯಾಗಿತ್ತು, ನೀರಿನ ನಲ್ಲಿಯ ಹತ್ತಿರ ಒಬ್ಬ ಮುದುಕ ಮುಖ ತೊಳೆಯುತ್ತಿದ್ದ. ಅಲ್ಲಿಂದ ಆಚೆಮನೆಗೆ ಫೋನು ಮಾಡಿದೆ. ಫೋನು ಬಡಿದುಕೊಂಡೇ ಇತ್ತು, ಅವರೆಲ್ಲ ನಮ್ಮ ಮನೆಯಲ್ಲಿದ್ದಿರಬೇಕು. ಇನ್ನು ಉಳಿದದ್ದು ಐದು ಗಂಟೆಯ ಬಸ್ಸೇ. ದಾದರಿಗೆ ವಾಪಸು ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಹೊತ್ತನ್ನು ನಾನು ಹೇಗೆ ಕಳೆದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ.

ಹೋಟೆಲಿಗೆ ಹೋದೆ. ರಿಸೆಪ್ಷನಿನ ಮೇಜಿನ ಮೇಲೆ ಅತಿಥಿಗಳು ಅಭಿಪ್ರಾಯ ಬರೆಯುವ ದಪ್ಪ ಪುಸ್ತಕ ಇರುತ್ತಿತ್ತು. ಅದನ್ನು ಎಳೆದುಕೊಂಡು ನಾಲ್ಕು ಸಾಲು ಬರೆದೆ. ಇಂಗ್ಲಿಷಿನಲ್ಲಿ ಬರೆದೆ, ಸಿಟ್ಟು ಬಂದಾಗ ನನಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ. ತಂದೆಯ ಸಾವಿನ ತುರ್ತು ಸುದ್ದಿಯನ್ನು ನಿಮ್ಮ ಆಪರೇಟರು ಸುಮಾರು ಎರಡು ಗಂಟೆ ಮುಚ್ಚಿಟ್ಟರು, ಅದರಿಂದ ನನಗೆ ರೈಲು ತಪ್ಪಿತು, ಇಂಥವರನ್ನು ಇಂಥ ಜವಾಬ್ದಾರಿಯ ಜಾಗದಲ್ಲಿ ಇಡಬಾರದು ಎಂದು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಾನು ಬಸ್ಸಿನಲ್ಲಿ ಹೋಗುವವನು ಎಂದು ಮೂರು ವರ್ಷ ಅವರನ್ನು ನಂಬಿಸಿದ್ದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಮೇಲೆ ಆ ಪರದೆಯ ಹಿಂದೆ ಅವರು ಯಾರಿಗೋ ಲೈನು ಕೊಡುತ್ತಿದ್ದ ಧ್ವನಿ ಕೇಳುತ್ತಿತ್ತು. ಎಂದಿನ ಹಾಗೆ, ಒಂದೊಂದೇ ಮಾತು ಬಿಡಿಸಿ.

ಬಸ್ಸಿನ ಆಫೀಸಿನಲ್ಲಿ ಬೇಸಗೆ ರಜೆಯ ಜನ ಕಿಕ್ಕಿರಿದಿದ್ದರು. ಸೀಟಿಲ್ಲ ಎಂದು ಹತ್ತು ಜನರನ್ನು ವಾಪಸು ಕಳಿಸುತ್ತಿದ್ದ ಗುಮಾಸ್ತ ನನ್ನ ಹೆಸರು ಕೇಳಿ ಚೀಟಿ ನೋಡಿದ. ಮಧ್ಯಾಹ್ನ ಹನ್ನೆರಡಕ್ಕೇ ಹೋಟೆಲಿನಿಂದ ಫೋನು ಬಂದಿತ್ತು, ಮೂರನೇ ನಂಬರಿನ ಸೀಟು, ಕಿಟಕಿ ಬದಿ, ಎಂದ. ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ. ಪಕ್ಕದ ಸೀಟಿನಲ್ಲಿ ಭಟ್ಕಳದ ಹಿರಿಯರೊಬ್ಬರು, ಬಟ್ಟೆಯ ಗಂಟುಗಳನ್ನು ಕಾಲ ಕೆಳಗಿಟ್ಟುಕೊಂಡು ಕೂತಿದ್ದರು. ಬಿಸ್ಕತ್ತು ಕೊಡಲು ಬಂದರು. ನಾನು ವಿಷಯ ಹೇಳಿದೆ. ಅವರು ಪೊಟ್ಟಣ ಮಡಚಿ ಚೀಲದಲ್ಲಿಟ್ಟರು, ಇಡೀ ದಾರಿಯಲ್ಲಿ ನನ್ನೆದುರು ಅವರೂ ಏನನ್ನೂ ತಿನ್ನಲಿಲ್ಲ. ಚಹಾಕ್ಕೆ ಬಸ್ಸು ನಿಂತಲ್ಲಿ ನಾನು ಇಳಿದು ನೋಡಿದೆ. ಹುಣಸೆಮರ ಇರಲಿಲ್ಲ. ಬುಡ ಮಾತ್ರ ಇತ್ತು, ಅದರ ಮೇಲೆ ಯಾರೋ ಸೊಂಟಕ್ಕೆ ಕೈಕೊಟ್ಟು ಕೂತಿದ್ದರು.

ಮನೆ ಮುಟ್ಟಿದಾಗ ಮರುದಿನ ಹನ್ನೆರಡು ಗಂಟೆ. ನನ್ನ ತಮ್ಮ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಜಗಲಿಯಲ್ಲಿ ಕೂತಿದ್ದ. ನಾನು ರೈಲಿಗೆ ಬರುತ್ತೇನೆಂದು ಭಾವ ಬೆಳಗಿನ ಜಾವ ಕುಮಟೆ ಸ್ಟೇಷನ್ನಿಗೆ ಹೋಗಿ ಕಾದು ಬಂದಿದ್ದ. ಬೆಳಿಗ್ಗೆ ಒಂಬತ್ತರವರೆಗೂ ಅಪ್ಪನನ್ನು ಇಟ್ಟುಕೊಂಡಿದ್ದರು. ಮೇ ತಿಂಗಳ ಸೆಕೆ, ಮತ್ತೆ ಇಡುವ ಹಾಗಿರಲಿಲ್ಲ. ಕಿಚ್ಚಿಡಬೇಕಾದ ಹಿರಿಮಗ ಬರಲಿಲ್ಲವೆಂದು ತಮ್ಮನೇ ಇಟ್ಟ. ನಾನು ಅಪ್ಪನ ಮುಖ ಕೊನೆಯ ಸಲ ನೋಡಿದ್ದು ಮುಂಬಯಿಗೆ ಹೊರಟ ದಿನ. ಜಗಲಿಯ ಕಂಬಕ್ಕೆ ಕನ್ನಡಿ ತಗುಲಿಸಿ ಗಡ್ಡ ಹೆರೆಯುತ್ತಿದ್ದ, ಒಂದು ಕೆನ್ನೆಗೆ ಸೋಪಿನ ನೊರೆ ಇತ್ತು. ಹೋಗಿ ಬರುತ್ತೇನೆ ಅಂದದ್ದು ಕೇಳಿಸಲಿಲ್ಲವೋ ಏನೋ, ತಿರುಗಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಮುಂಬಯಿಗೆ ಹೋದೆ. ಅಷ್ಟರಲ್ಲಿ ಸಿಟ್ಟು ಇಳಿದಿತ್ತು. ಮಾತ್ರವಲ್ಲ, ಬಸ್ಸಿನ ಮೂರನೇ ನಂಬರಿನ ಸೀಟು ತಲೆಯಲ್ಲಿ ಕೊರೆಯಲು ಶುರುವಾಗಿತ್ತು. ಸುದ್ದಿ ಕೇಳಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಅದು. ಎರಡನೆಯ ಕೆಲಸ ತಮ್ಮ ಡಬ್ಬಿಯನ್ನು ಮೇಲೆ ಕಳಿಸಿದ್ದು. ಅವರು ಅವತ್ತು ಏನು ಉಂಡರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಕೋಣೆಗೆ ಹೋಗಿ ಬೂಟೂ ಬಿಚ್ಚದೆ ಒಂಬತ್ತು ಒತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

ಒಬ್ಬ ತರುಣಿಯ ಧ್ವನಿ, ಇಂಗ್ಲಿಷಿನಲ್ಲಿ, ನಾನು ನಿಮಗೆ ಹೇಗೆ ಸಹಾಯ ಮಾಡಲಿ ಎಂದಿತು.

ಕೆಳಗಿಳಿದು ಬಂದೆ. ರಿಸೆಪ್ಷನಿನಲ್ಲಿ ಉಡುಪಿ ಕಡೆಯ ಹೊಸಬರೊಬ್ಬರಿದ್ದರು, ನನ್ನ ಗುರುತು ಅವರಿಗಿರಲಿಲ್ಲ. ಹಳೆಯ ಆಪರೇಟರು ಎಲ್ಲಿ ಎಂದು ಏನೂ ಗೊತ್ತಿಲ್ಲದವನ ಹಾಗೆ ವಿಚಾರಿಸಿದೆ. ಅವರು ಬಿಟ್ಟುಹೋಗಿ ಎರಡು ತಿಂಗಳಾಯಿತು ಎಂದರು. ಹೋಟೆಲಿನವರು ಫೋನಿಗೆ ಹೊಸ ಬೋರ್ಡು ಹಾಕುವವರಿದ್ದರಂತೆ, ಮುದುಕಿಯನ್ನು ಹೇಗೆ ಕಳಿಸುವುದು ಎಂದು ನೋಡುತ್ತಿದ್ದರಂತೆ. ಅಷ್ಟರಲ್ಲಿ ಯಾರೋ ಒಬ್ಬ ಗೆಸ್ಟ್ ಪುಸ್ತಕದಲ್ಲಿ ಏನೋ ಬರೆದು ಹೋದ, ಅವರಿಗೆ ಅದೇ ಸಾಕಾಯಿತು. ಮ್ಯಾನೇಜರು ಆಕೆಯನ್ನು ಕರೆದು ಆ ಪುಟ ಓದಿಸಿದರಂತೆ. ಆಕೆ ಹೊರಗೆ ಬಂದು ಮೇಜಿನ ಹತ್ತಿರ ನಿಂತು, ನಮ್ಮ ಊರಿಗೆ ಹೋಗುವ ರೈಲು ಎಷ್ಟು ಗಂಟೆಗೆ ಎಂದು ಕೇಳಿದರಂತೆ. ಎರಡೂವರೆಗೆ ಎಂದು ಹೇಳಿದಾಗ ಒಂದು ಚೀಟಿಯಲ್ಲಿ ಬರೆದುಕೊಂಡರಂತೆ. ಆ ಗೆಸ್ಟ್ ಯಾರು ಎಂದು ನನಗೆ ಗೊತ್ತಿಲ್ಲ, ಎಂದರು ಅವರು ಕೊನೆಗೆ.

ನಾನೇ ಎಂದು ಹೇಳಬೇಕಿತ್ತು. ಆಕೆಯ ಹೆಸರೇನು, ವಿಳಾಸ ಇದೆಯೇ ಎಂದು ಕೇಳಬೇಕಿತ್ತು. ಕೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕಾಗುತ್ತದೆ... ಕೀಲಿಕೈ ಹಿಡಿದುಕೊಂಡು ಲಿಫ್ಟಿನ ಕಡೆ ನಡೆದೆ. ನನ್ನ ಜೀವನದಲ್ಲಿ ನಾನು ನಾಚಿಕೊಳ್ಳುವುದು ಆ ನಾಲ್ಕು ಸಾಲಿಗಿಂತ ಹೆಚ್ಚಾಗಿ ಈ ನಡಿಗೆಗೆ. ಮುಂದಿನ ಸಲ ಕೇಳೋಣ ಎಂದು ಒಂದು ವರ್ಷ ದೂಡಿದೆ. ಆಮೇಲೆ ಕೈಯಲ್ಲಿ ಮೊಬೈಲು ಬಂತು, ಒಂಬತ್ತು ಒತ್ತುವ ಅಗತ್ಯವೇ ಇಲ್ಲವಾಯಿತು. ಒಂದು ಸಲ ಹೋದಾಗ ಹೋಟೆಲಿಗೆ ಹಸಿರು ಬಟ್ಟೆ ಸುತ್ತಿದ್ದರು, ಒಳಗೆ ಎಲ್ಲ ಒಡೆಯುತ್ತಿದ್ದರು. ಹಳೆಯ ಕೆಲಸದವರಲ್ಲಿ ಒಬ್ಬರೂ ಇರಲಿಲ್ಲ. ಮತ್ತೆ ತೆರೆದಾಗ ಅದಕ್ಕೆ ಹೆಸರೂ ಬೇರೆ, ಬಾಡಿಗೆಯೂ ನಮ್ಮ ಯಜಮಾನರ ಅಳತೆಯದ್ದಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ಅಣ್ಣ ಬೆಳಗಾವಿಯಲ್ಲಿ ತೀರಿಕೊಂಡ. ಫೋನು ಬಂದದ್ದು ನನಗೆ, ಅವಳು ಆಗಷ್ಟೇ ಅಡುಗೆ ಮುಗಿಸಿ ತಟ್ಟೆ ಇಟ್ಟಿದ್ದಳು. ಯಾರದು ಎಂದು ಕೇಳಿದಳು. ಕಾರ್ಖಾನೆಯವರು ಎಂದೆ. ಆಚೆ ಹೋಗಿ ಕಾರಿನವನಿಗೆ ಹೇಳಿ ಬಂದು, ಅವಳೆದುರು ಕೂತು, ಸಾರು ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಹಾಕಿಕೋ ಎಂದೆ. ನನ್ನ ತಟ್ಟೆಯ ಅನ್ನವನ್ನು ಬರೀ ಕಲಸುತ್ತಲೇ ಇದ್ದೆ. ಅವಳು ಮೊಸರನ್ನಕ್ಕೆ ಉಪ್ಪಿನಕಾಯಿ ಹುಡುಕುತ್ತ ಅಣ್ಣನ ಮಗಳ ಮದುವೆಯ ಮಾತಾಡುತ್ತಿದ್ದಳು. ಬರೀ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಧ್ವನಿ ನಡುಗದ ಹಾಗೆ ಇಟ್ಟುಕೊಳ್ಳಲು ನನಗೆ ಬೆವರು ಬಂತು. ಅಕ್ಕೋರು ಒಂದೂ ಮುಕ್ಕಾಲು ಗಂಟೆ ಹಾಗೆ ಕೂತಿದ್ದರು, ನಡುವೆ ಊರವರಿಗೆಲ್ಲ ಲೈನು ಕೊಡುತ್ತ. ಅವರಿಗೂ ಅಪ್ಪನ ಧ್ವನಿಯ ಪರಿಚಯ ಮೂರು ವರ್ಷದ್ದು. ಸತ್ತದ್ದು ನನ್ನ ಅಪ್ಪ ಮಾತ್ರ ಅಲ್ಲ, ಭತ್ತದ, ಮಳೆಯ, ಹೊಳೆಮೀನಿನ ಸುದ್ದಿ ಹೇಳಲು ಅವರಿಗಿದ್ದ ಒಬ್ಬನೇ ಮನುಷ್ಯ. ಇದು ನನಗೆ ಹೊಳೆಯಲು ನಾನೇ ಒಬ್ಬರಿಗೆ ಬಡಿಸಬೇಕಾಯಿತು.

ಆಮೇಲೆ ಹೊನ್ನಾವರದಲ್ಲಿ ಹುಡುಕಿದೆ. ಮುಂಬಯಿಯಲ್ಲಿ ಫೋನಿನ ಕೆಲಸ ಮಾಡುತ್ತಿದ್ದ, ದಪ್ಪ ಕನ್ನಡಕದ, ಗಿಡ್ಡನೆಯ ಒಬ್ಬ ಹೆಂಗಸು ಎಂದು ಬಂದರಿನ ಬದಿ ಕೇಳಿದೆ, ಹೊಳೆಯಾಚೆ ಕೇಳಿದೆ. ಎಲ್ಲರೂ ಕೇಳಿದ್ದು ಒಂದೇ, ಹೆಸರೇನು? ಮುಂಬಯಿಗೆ ಹೋದ ಹೆಂಗಸರು ನಮ್ಮ ಕಡೆ ಒಬ್ಬರೇ ಇಬ್ಬರೇ? ಆ ಚೀಟಿ ಹಿಡಿದುಕೊಂಡು ಅವರು ಎರಡೂವರೆಯ ರೈಲು ಹತ್ತಿದರೋ, ಅಥವಾ ಹೋಗಲು ಅಲ್ಲಿ ಯಾರಿದ್ದಾರೆ ಎಂದು ಅಲ್ಲೇ ಉಳಿದರೋ... ಬದುಕಿದ್ದರೆ ಈಗ ಎಂಬತ್ತು ದಾಟಿರಬೇಕು.

"ಲೈನ್ ಇಲ್ಲವಾ?" ಎಂದು ಭಟ್ಕಳದ ಸಾಹೇಬರು ಕೇಳಿದರು. ಇದೆ, ಅಂದೆ. ರಿಸೀವರಿನಲ್ಲಿ ಗುಂಯ್ ಎನ್ನುವ ಶಬ್ದ ಬರುತ್ತಲೇ ಇತ್ತು. ಕುಮಟೆಯ ನಂಬರ್ ಒತ್ತುವ ಮೊದಲು, ಯಾಕೋ, ಒಂಬತ್ತನ್ನು ಒಮ್ಮೆ ಒತ್ತಿದೆ. ಶಬ್ದ ನಿಂತಿತು. ಅತ್ತರಿನ ವಾಸನೆಯೊಂದೇ ಉಳಿಯಿತು. ಆ ಪುಸ್ತಕದಲ್ಲಿ ದೂರು ಬರೆಯುವಾಗ ನನಗೆ ಅವರ ಹೆಸರು ಬೇಕಾಗಿರಲಿಲ್ಲ, ಆಪರೇಟರ್ ಎಂದು ಬರೆದದ್ದೇ ಸಾಕಾಗಿತ್ತು.